ಡಿಕನ್ಸ್‌ನ ಗಂಡುಮಕ್ಕಳು ನಿಜವಾಗ್ಲೂ ದಂಡಪಿಂಡಗಳಾ?

ಭಾಗ 1

ಚಾರ್ಲ್ಸ್ ಡಿಕನ್ಸ್ ಬಗ್ಗೆ ಸ್ವಲ್ಪ ಓದಿದವರಿಗೂ ಈ ಮಾತು ಎಲ್ಲಾದ್ರೂ ಸಿಕ್ಕೇ ಸಿಗುತ್ತೆ: ಅಪ್ಪ ಮಹಾ ಪ್ರತಿಭಾವಂತ, ಮಕ್ಕಳು ಮಾತ್ರ ದಂಡ. ಅದರಲ್ಲೂ ಗಂಡುಮಕ್ಕಳು. ಸಾಲ ಮಾಡಿದ್ರು, ಒಂದು ಕೆಲಸದಲ್ಲಿ ನಿಲ್ಲಲಿಲ್ಲ, ಎಲ್ಲೋ ದೂರದ ದೇಶದಲ್ಲಿ ಸತ್ತರು, ಮುಗೀತು.

ಈ ಮಾತನ್ನ ಮೊದಲು ಹೇಳಿದ್ದು ಯಾರು ಗೊತ್ತಾ? ಅಪ್ಪನೇ. ಗೆಳೆಯರಿಗೆ, ಪರಿಚಯದವರಿಗೆ ಬರೆದ ಕಾಗದಗಳಲ್ಲಿ. ಡಿಕನ್ಸ್ ಕಾಗದ ಬರೆದ್ರೂ ಕಾದಂಬರಿ ಬರೆದಷ್ಟೇ ಚೆನ್ನಾಗಿ ಬರೀತಿದ್ದ. ಅದಕ್ಕೇ ಇರಬೇಕು, ಅವನು ಹೇಳಿದ್ದನ್ನೇ ಎಲ್ಲರೂ ನಂಬಿದ್ರು. ನನಗೆ ಇದು ಸರಿ ಕಾಣಲ್ಲ. ಈ ಸರಣಿಯಲ್ಲಿ ನಾನು ಮಕ್ಕಳ ಪರ ವಕಾಲತ್ತು ಹಾಕ್ತಿದ್ದೀನಿ ಅಂತಲೇ ತಿಳ್ಕೊಳ್ಳಿ. ಬೇಡ ಅನ್ನಿಸಿದವರು ಇಲ್ಲೇ ಸ್ಕ್ರೋಲ್ ಮಾಡಬಹುದು, ಬೇಜಾರಿಲ್ಲ.

ಒಟ್ಟು ಹತ್ತು ಮಕ್ಕಳು. 1836ರಲ್ಲಿ ಕ್ಯಾಥರೀನ್ ಹೋಗಾರ್ತ್ ಜೊತೆ ಮದುವೆ. 1837ರ ಜನವರಿಗೆ ಮೊದಲ ಮಗ ಚಾರ್ಲಿ, 1852ರ ಮಾರ್ಚ್‌ಗೆ ಹತ್ತನೆಯವನು ಎಡ್ವರ್ಡ್. ಹದಿನೈದು ವರ್ಷದಲ್ಲಿ ಹತ್ತು ಹೆರಿಗೆ. (ಆ ತಾಯಿಯ ಬಗ್ಗೆ ಬೇರೆ ಸರಣಿಯನ್ನೇ ಬರೀಬೇಕು.) ಏಳು ಗಂಡು, ಮೂರು ಹೆಣ್ಣು. ಹೆಣ್ಣುಮಕ್ಕಳಲ್ಲಿ ಚಿಕ್ಕವಳು ಡೋರಾ. 'ಡೇವಿಡ್ ಕಾಪರ್‌ಫೀಲ್ಡ್' ಬರೀತಿದ್ದಾಗ ಹುಟ್ಟಿದ ಕೂಸು, ಅದರೊಳಗಿನ ಪಾತ್ರದ ಹೆಸರನ್ನೇ ಇಟ್ಟರು. ಕಾದಂಬರಿಯ ಡೋರಾ ಸಾಯ್ತಾಳೆ. ಈ ಡೋರಾನೂ ಎಂಟು ತಿಂಗಳಿಗೆ ತೀರಿಕೊಂಡಳು.

ಗಂಡುಮಕ್ಕಳ ಹೆಸರು ನೋಡಿ. ವಾಲ್ಟರ್ ಸ್ಯಾವೇಜ್ ಲ್ಯಾಂಡರ್, ಆಲ್ಫ್ರೆಡ್ ಟೆನಿಸನ್, ಸಿಡ್ನಿ ಸ್ಮಿತ್, ಹೆನ್ರಿ ಫೀಲ್ಡಿಂಗ್, ಎಡ್ವರ್ಡ್ ಬುಲ್ವರ್ ಲಿಟನ್. ಎಲ್ಲವೂ ಆಗಲೇ ಹೆಸರು ಮಾಡಿದ ಕವಿ, ಕಾದಂಬರಿಕಾರ, ಮಾತುಗಾರರ ಹೆಸರುಗಳು. ನಮ್ಮಲ್ಲಿ ಒಬ್ಬ ಮಗನಿಗೆ ಕುವೆಂಪು, ಇನ್ನೊಬ್ಬನಿಗೆ ಬೇಂದ್ರೆ, ಮೂರನೆಯವನಿಗೆ ಕಾರಂತ ಅಂತ ಹೆಸರಿಟ್ಟು ಶಾಲೆಗೆ ಕಳಿಸಿದ ಹಾಗೆ. ಹಾಜರಿ ಕರೆಯುವಾಗ್ಲೇ ಆ ಹುಡುಗ ಅರ್ಧ ಸೋತಿರ್ತಾನೆ.

ಭಾಗ 2

ಅಪ್ಪ ಕೆಟ್ಟವನಾ? ಅಲ್ಲ. ಮೊದಲೇ ಇದನ್ನ ಹೇಳಿಬಿಡ್ತೀನಿ, ಇಲ್ಲಾಂದ್ರೆ ಮುಂದಿನದೆಲ್ಲ ತಪ್ಪಾಗಿ ಕೇಳುತ್ತೆ.

ಮಕ್ಕಳು ಚಿಕ್ಕವರಿದ್ದಾಗ ಡಿಕನ್ಸ್‌ನಂಥ ಅಪ್ಪ ಸಿಗೋದು ಕಷ್ಟ. ಜಾದೂ ಮಾಡಿ ತೋರಿಸ್ತಿದ್ದ, ಮನೆಯಲ್ಲೇ ನಾಟಕ ಆಡಿಸ್ತಿದ್ದ, ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು. ಸಿಟ್ಟು ಮೂಗಿನ ತುದಿಯಲ್ಲೇ ಇದ್ದ ಕೇಟಿಗೆ 'ಬೆಂಕಿಪೊಟ್ಟಣ'. ಎಲ್ಲೋ ದೂರ ನೋಡ್ತಾ ಕೂರುವ ಸಿಡ್ನಿಗೆ 'ಸಮುದ್ರದ ಭೂತ'. ಕೊನೆಯ ಎಡ್ವರ್ಡ್‌ಗೆ ಬಾಯಲ್ಲಿ ಹೊರಳದ ಉದ್ದನೆಯ ಹೆಸರೊಂದಿತ್ತು, ಅದು ತುಂಡಾಗಿ 'ಪ್ಲಾರ್ನ್' ಅಂತ ಉಳೀತು. ಸಾಯೋವರೆಗೂ ಅವನು ಮನೆಯವರಿಗೆ ಪ್ಲಾರ್ನ್.

ಜೊತೆಗೆ ಶಿಸ್ತು ಅಂದ್ರೆ ಶಿಸ್ತು. ಬೆಳಗ್ಗೆ ಎದ್ದು ಮಕ್ಕಳ ಕೋಣೆಗಳನ್ನ ಸ್ವತಃ ಪರೀಕ್ಷೆ ಮಾಡ್ತಿದ್ದ. ಪ್ರತಿ ಹುಡುಗನ ಟೋಪಿ, ಕೋಟಿಗೆ ಇಂಥದ್ದೇ ಗೂಟ. ಹೆಣ್ಣುಮಕ್ಕಳ ಕೋಣೆ ಅಚ್ಚುಕಟ್ಟಾಗಿಲ್ಲದಿದ್ರೆ ಸೂಜಿ ಚುಚ್ಚಿಡುವ ಮೆತ್ತೆಗೆ ಒಂದು ಚೀಟಿ ಸಿಕ್ಕಿಸಿ ಹೋಗ್ತಿದ್ದ. ಹಾಸ್ಟೆಲ್ ವಾರ್ಡನ್‌ಗಳನ್ನ ಕಂಡವರಿಗೆ ಇದು ಹೊಸದಲ್ಲ ಬಿಡಿ.

ತೊಂದರೆ ಶುರುವಾಗಿದ್ದು ಹುಡುಗರು ಬೆಳೆದಾಗ. ಹನ್ನೆರಡು, ಹದಿಮೂರು ದಾಟ್ತಿದ್ದ ಹಾಗೆ ಅಪ್ಪನಿಗೆ ಅವರಲ್ಲಿ 'ಹುರುಪು' ಕಾಣ್ತಿರಲಿಲ್ಲ. ದೊಡ್ಡವನು ಚಾರ್ಲಿ ಒಳ್ಳೆ ಹುಡುಗ, ಈಟನ್‌ನಲ್ಲಿ ಓದಿದ, ಜರ್ಮನ್ ಕಲಿಯೋಕೆ ಲೈಪ್‌ಜಿಗ್‌ಗೂ ಹೋಗಿಬಂದ. ಆದ್ರೂ ಅಪ್ಪನ ಕಾಗದದಲ್ಲಿ ಅವನು ಸೋಮಾರಿ ಸ್ವಭಾವದವನು. ಆ ಸ್ವಭಾವ ಎಲ್ಲಿಂದ ಬಂತು? ತಾಯಿ ಕಡೆಯಿಂದ ಅಂತೆ! ಮಗ ಗೆದ್ರೆ ಅಪ್ಪನ ರಕ್ತ, ಎಡವಿದ್ರೆ ತಾಯಿ ಕಡೆಯವರ ಗುಣ. ಈ ಲೆಕ್ಕ ಇಂಗ್ಲೆಂಡಿನಲ್ಲೂ ಇತ್ತು ಅಂತ ತಿಳಿದು ನನಗೆ ನಗು ಬಂತು.

ಭಾಗ 3

ಈಗ ನನ್ನ ಮುಖ್ಯ ವಾದಕ್ಕೆ ಬರ್ತೀನಿ.

1824ರಲ್ಲಿ ಡಿಕನ್ಸ್‌ಗೆ ಹನ್ನೆರಡು ವರ್ಷ. ಅವನ ಅಪ್ಪ ಜಾನ್ ಡಿಕನ್ಸ್ ಸುಮಾರು 40 ಪೌಂಡ್ ಸಾಲ ತೀರಿಸಲಾಗದೆ ಲಂಡನ್ನಿನ ಮಾರ್ಷಲ್ಸೀ ಜೈಲು ಸೇರಿದ. ಹುಡುಗನನ್ನ ಥೇಮ್ಸ್ ನದಿ ದಂಡೆಯ ವಾರೆನ್ ಶೂ ಪಾಲಿಶ್ ಕಾರ್ಖಾನೆಗೆ ಕೆಲಸಕ್ಕೆ ಹಾಕಿದ್ರು. ಇಲಿ ಓಡಾಡುವ ಮುರುಕಲು ಕಟ್ಟಡ. ಪಾಲಿಶ್ ಡಬ್ಬಿಗಳ ಬಾಯಿಗೆ ಕಾಗದ ಕಟ್ಟೋದು, ಚೀಟಿ ಅಂಟಿಸೋದು. ವಾರಕ್ಕೆ ಆರು ಶಿಲ್ಲಿಂಗ್. ಅಪ್ಪ ಜೈಲಿಂದ ಬಂದ ಮೇಲೂ ಅಮ್ಮ ಮತ್ತೆ ಅಲ್ಲಿಗೇ ಕಳಿಸೋಕೆ ನೋಡಿದ್ಲು. ಅದನ್ನ ಅವನು ಜೀವನಪೂರ್ತಿ ಮರೆಯಲಿಲ್ಲ.

ಅವನ ಪುಸ್ತಕಗಳಲ್ಲಿ ಬರುವ ಸಾಲ, ಜೈಲು, ಒಂಟಿ ಹುಡುಗ, ಎಲ್ಲದರ ಬೇರು ಇಲ್ಲೇ ಇದೆ. ಮಕ್ಕಳಲ್ಲಿ ಯಾರಾದ್ರೂ ಒಂದು ಬಿಲ್ ಬಾಕಿ ಉಳಿಸಿದ್ರೆ ಅಪ್ಪನ ಎದೆ ಯಾಕೆ ಹಾಗೆ ಹೊಡ್ಕೊಳ್ತಿತ್ತು ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಮಗನಲ್ಲಿ ಅವನಿಗೆ ಕಾಣ್ತಿದ್ದಿದ್ದು ಜೈಲಿಗೆ ಹೋದ ತನ್ನ ಅಪ್ಪ.

ಆದ್ರೆ ಕೇಳಿ. ಈ ಕಥೆ ಮಕ್ಕಳಿಗೆ ಗೊತ್ತೇ ಇರಲಿಲ್ಲ.

ಒಬ್ಬ ಮಗನಿಗೂ ಅವನು ಹೇಳಲಿಲ್ಲ. 1869ರ ಕ್ರಿಸ್ಮಸ್‌ನಲ್ಲಿ ಮನೆಯವರೆಲ್ಲ ನೆನಪಿನ ಆಟ ಆಡ್ತಿದ್ರು. ಒಬ್ಬೊಬ್ಬರು ಒಂದೊಂದು ಮಾತು ಸೇರಿಸ್ತಾ ಹೋಗಬೇಕು, ಹಿಂದಿನದೆಲ್ಲ ನೆನಪಿಟ್ಟು ಹೇಳಬೇಕು. ಡಿಕನ್ಸ್ ಸರದಿ ಬಂದಾಗ ಅವನು ಆ ಕಾರ್ಖಾನೆಯ ಹೆಸರು, ವಿಳಾಸ ಹೇಳಿದ. ಹೇಳುವಾಗ ಅಪ್ಪನ ಕಣ್ಣಲ್ಲಿ ಒಂಥರಾ ಹೊಳಪು, ದನಿಯಲ್ಲಿ ಏನೋ ಬೇರೆ ಇತ್ತು ಅಂತ ಮಗ ಹೆನ್ರಿ ಆಮೇಲೆ ನೆನಪಿಸಿಕೊಂಡ. ಕೂತಿದ್ದ ಯಾರಿಗೂ ಅದು ಏನು ಅಂತ ತಿಳಿಯಲಿಲ್ಲ. ಆಟ ಮುಂದುವರೀತು. ಆರು ತಿಂಗಳಿಗೆ ಅಪ್ಪ ಸತ್ತ. ಗೆಳೆಯ ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆ ಅಚ್ಚಾದಾಗ ಮಕ್ಕಳಿಗೆ ವಿಷಯ ಗೊತ್ತಾಯ್ತು. ಇಡೀ ಲೋಕಕ್ಕೆ ಗೊತ್ತಾದ ದಿನವೇ ಅವರಿಗೂ ಗೊತ್ತಾಗಿದ್ದು.

ಅಂದ್ರೆ ಆ ಹುಡುಗರು ಬರೆದಿದ್ದು ಪ್ರಶ್ನೆಪತ್ರಿಕೆಯನ್ನೇ ಕೊಡದ ಪರೀಕ್ಷೆ. ಹನ್ನೆರಡನೇ ವಯಸ್ಸಿಗೆ ಬೀದಿಗೆ ಬಿದ್ದು ಎದ್ದವನ ಹುರುಪು ನಿಮ್ಮಲ್ಲೂ ಇರಬೇಕು ಅಂತ ಕೇಳ್ತಾನೆ, ತಾನು ಬಿದ್ದಿದ್ದೇ ಗೊತ್ತಾಗದ ಹಾಗೆ ಮುಚ್ಚಿಡ್ತಾನೆ. ಮೇಲಿಂದ, ದೊಡ್ಡ ಮನೆ, ಆಳುಕಾಳು, ಪಾರ್ಟಿ, ಕುಣಿತ ಎಲ್ಲದರ ಮಧ್ಯೆ ಅವರನ್ನ ಬೆಳೆಸಿದವನೂ ಅವನೇ. ಹಸಿವು ಕಾಣದ ಮಕ್ಕಳಲ್ಲಿ ಹಸಿವಿನ ಛಲ ಇಲ್ಲ ಅಂತ ಬೈದ್ರೆ ಹೇಗೆ?

ಭಾಗ 4

ಈ ಪೋಸ್ಟಿನ ಫೋಟೋ ಕೋಲ್ಕತಾದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದ್ದು. ಅಲ್ಲಿರೋದು ವಾಲ್ಟರ್ ಡಿಕನ್ಸ್‌ನ ಸಮಾಧಿ ಕಲ್ಲು. ಅವನನ್ನ ಹೂತಿದ್ದು ಭವಾನಿಪುರದ ಮಿಲಿಟರಿ ಸ್ಮಶಾನದಲ್ಲಿ, ಕಲ್ಲನ್ನ ಆಮೇಲೆ ಇಲ್ಲಿಗೆ ತಂದರು.

ವಾಲ್ಟರ್ ನಾಲ್ಕನೆಯವನು. ಅಪ್ಪನ ಶ್ರೀಮಂತ ಗೆಳತಿ ಏಂಜೆಲಾ ಬರ್ಡೆಟ್ ಕೂಟ್ಸ್ ಶಿಫಾರಸು ಮಾಡಿ ಈಸ್ಟ್ ಇಂಡಿಯಾ ಕಂಪನಿ ಸೈನ್ಯದಲ್ಲಿ ಕೆಡೆಟ್ ಹುದ್ದೆ ಕೊಡಿಸಿದಳು. 1857ರ ಜುಲೈನಲ್ಲಿ ಹಡಗು ಹತ್ತಿದ. ಇಸವಿ ನೋಡಿದ್ರಾ? ಇಲ್ಲಿ ದಂಗೆ ಹೊತ್ತಿ ಉರೀತಿದೆ, ಹುಡುಗನಿಗೆ ಹದಿನಾರು. ನಮ್ಮ ಲೆಕ್ಕದಲ್ಲಿ ಫಸ್ಟ್ ಪಿಯುಸಿ.

ಅದೇ ಅಕ್ಟೋಬರ್‌ನಲ್ಲಿ ಡಿಕನ್ಸ್ ಆ ಗೆಳತಿಗೆ ಒಂದು ಕಾಗದ ಬರೆದ. ತಾನು ಭಾರತದ ಸೇನಾಪತಿ ಆಗಿದ್ರೆ ಈ ಜನಾಂಗವನ್ನೇ ನಿರ್ನಾಮ ಮಾಡೋಕೆ ಕೈಲಾದಷ್ಟು ಮಾಡ್ತಿದ್ದೆ ಅನ್ನೋ ಅರ್ಥದಲ್ಲಿ. ಆಲಿವರ್ ಟ್ವಿಸ್ಟ್‌ಗೆ ಕಣ್ಣೀರು ಹಾಕಿಸಿದ ಅದೇ ಕೈ. ಡಿಕನ್ಸ್‌ನ ಅಭಿಮಾನಿಗಳು ಇದನ್ನ ಕಂಬಳಿ ಕೆಳಗೆ ಸರಿಸಿಬಿಡ್ತಾರೆ. ನಾವು ಭಾರತದಲ್ಲಿ ಕೂತು ಓದುವವರು ಸರಿಸೋಕಾಗಲ್ಲ. ನಾನು ಅವನನ್ನ ಓದೋದು ಬಿಟ್ಟಿಲ್ಲ, ಆದ್ರೆ ಇದನ್ನ ನೆನಪಿಟ್ಟೇ ಓದ್ತೀನಿ.

ವಾಲ್ಟರ್ ಲೆಫ್ಟಿನೆಂಟ್ ಆದ. ಸಾಲವನ್ನೂ ಮಾಡ್ಕೊಂಡ. ಕಾಯಿಲೆ ಬಿದ್ದು, ರಜೆಯ ಮೇಲೆ ಊರಿಗೆ ಹೊರಡೋ ಹೊತ್ತಿಗೆ 1863ರ ಡಿಸೆಂಬರ್ 31ರಂದು ಕಲ್ಕತ್ತಾದ ಆಸ್ಪತ್ರೆಯಲ್ಲಿ ಸತ್ತ. ಸುದ್ದಿ ಲಂಡನ್ ತಲುಪಿದ್ದು 1864ರ ಫೆಬ್ರವರಿ 7ಕ್ಕೆ. ಅವತ್ತು ಡಿಕನ್ಸ್‌ನ ಹುಟ್ಟುಹಬ್ಬ. ಮಾರನೇ ದಿನ ವಾಲ್ಟರ್‌ಗೆ ಇಪ್ಪತ್ಮೂರು ತುಂಬಬೇಕಿತ್ತು. ಆಮೇಲೆ ಅವನ ಬಾಕಿ ಬಿಲ್ಲುಗಳೂ ಅಪ್ಪನ ಮನೆಗೆ ಬಂದವು.

ಇನ್ನೊಬ್ಬ ಮಗ ಫ್ರಾಂಕ್ ಆಗಲೇ ಭಾರತದ ದಾರಿಯಲ್ಲಿದ್ದ. ಅಣ್ಣನನ್ನ ನೋಡ್ತೀನಿ ಅಂತ ಬಂದವನಿಗೆ ಇಲ್ಲಿ ಕಾಲಿಟ್ಟ ಮೇಲೆ ಸುದ್ದಿ ಗೊತ್ತಾಯ್ತು.

ಫ್ರಾಂಕ್‌ನ ಕಥೆ ನನಗೆ ಎಲ್ಲಕ್ಕಿಂತ ಹೆಚ್ಚು ಕಾಡೋದು. ಮಾತಾಡುವಾಗ ಉಗ್ಗುತ್ತಿದ್ದ. ಡಾಕ್ಟರ್ ಆಗಬೇಕು ಅಂತಿದ್ದ, ಉಗ್ಗಿನ ಕಾರಣಕ್ಕೇ ಅದನ್ನ ಬಿಟ್ಟ. ಒಮ್ಮೆ ಅಪ್ಪನಿಗೆ ಬರೆದ: ನನಗೆ ಹದಿನೈದು ಪೌಂಡ್, ಒಂದು ಕುದುರೆ, ಒಂದು ಬಂದೂಕು ಕೊಡಿಸಿ, ದೂರದ ಯಾವುದಾದ್ರೂ ಸೀಮೆಗೆ ಹೋಗಿ ಬದುಕ್ತೀನಿ. ಡಿಕನ್ಸ್ ಅದನ್ನ ಗೆಳೆಯನಿಗೆ ತಮಾಷೆ ಮಾಡಿ ಹೇಳಿದ. ದುಡ್ಡನ್ನ ಕಳ್ಳರು ಕಿತ್ಕೊಳ್ತಾರೆ, ಕುದುರೆ ಕೆಡವುತ್ತೆ, ಬಂದೂಕು ಅವನ ತಲೆಯನ್ನೇ ಹಾರಿಸುತ್ತೆ ಅಂತ. ಜೋಕ್ ಚೆನ್ನಾಗೇ ಇದೆ. ಕೇಳಿಸಿಕೊಳ್ಳಬೇಕಾದವನ ಮಗ ನೀವಾಗಿದ್ರೆ ನಗು ಬರ್ತಿತ್ತಾ?

ಫ್ರಾಂಕ್ ಬಂಗಾಳದ ಕುದುರೆ ಪೊಲೀಸ್ ಪಡೆಯಲ್ಲಿ ಏಳು ವರ್ಷ ಇದ್ದ. ಅಪ್ಪ ಸತ್ತ ಮೇಲೆ ಊರಿಗೆ ಹೋದ, ಕೈಗೆ ಬಂದ ಆಸ್ತಿಯ ಪಾಲು ಕರಗಿತು. 1874ರಲ್ಲಿ ಕೆನಡಾದ ಮೌಂಟೆಡ್ ಪೊಲೀಸ್ ಸೇರಿದ. 1885ರಲ್ಲಿ ಫೋರ್ಟ್ ಪಿಟ್ ಅನ್ನೋ ಠಾಣೆಯಲ್ಲಿದ್ದಾಗ ಬಿಗ್ ಬೇರ್‌ನ ಕ್ರೀ ಪಡೆ ಸುತ್ತುವರೀತು. ಅಲ್ಲಿದ್ದ ಸಾಮಾನ್ಯ ಜನ ಕ್ರೀಗಳ ವಶಕ್ಕೆ ಹೋದ್ರು. ಫ್ರಾಂಕ್ ತನ್ನ ಬೆರಳೆಣಿಕೆಯ ಪೊಲೀಸರನ್ನ ಸೋರುವ ದೋಣಿಯಲ್ಲಿ ಕೂರಿಸಿಕೊಂಡು, ಮಂಜುಗಡ್ಡೆ ತೇಲುತ್ತಿದ್ದ ನದಿಯಲ್ಲಿ ಇಳಿದು ಬ್ಯಾಟಲ್‌ಫರ್ಡ್ ಮುಟ್ಟಿಸಿದ. ಹೇಡಿ ಅಂದ್ರು. ಠಾಣೆ ಹಿಡ್ಕೊಂಡು ಕೂತಿದ್ರೆ ಆ ಪೊಲೀಸರೂ ಉಳೀತಿರಲಿಲ್ಲ, ಕ್ರೀಗಳೂ ಇನ್ನಷ್ಟು ಜನ ಸಾಯ್ತಿದ್ರು ಅಂತ ನನಗನ್ನಿಸುತ್ತೆ. ಮರುವರ್ಷ ಕೆಲಸ ಬಿಟ್ಟ, ಅಮೆರಿಕದ ಮೋಲೀನ್ ಅನ್ನೋ ಊರಿಗೆ ಭಾಷಣ ಮಾಡೋಕೆ ಹೋದ. ಉಗ್ಗುವ ಮನುಷ್ಯ, ಹೊಟ್ಟೆಪಾಡಿಗೆ ಭಾಷಣ! ಮೊದಲ ಭಾಷಣಕ್ಕೂ ಮುಂಚೆಯೇ ಅಲ್ಲೇ ಕುಸಿದು ಸತ್ತ. ನಲವತ್ತೆರಡು ವರ್ಷ. ಸಮಾಧಿಯೂ ಅಲ್ಲೇ ಇದೆ.

ಭಾಗ 5

ಆಸ್ಟ್ರೇಲಿಯಾ.

'ಡೇವಿಡ್ ಕಾಪರ್‌ಫೀಲ್ಡ್'ನ ಮಿಕಾಬರ್ ನೆನಪಿದ್ದಾನಾ? ಸದಾ ಸಾಲದಲ್ಲಿ ಮುಳುಗಿರೋ, ನಾಳೆ ಏನಾದ್ರೂ ಒಳ್ಳೇದಾಗುತ್ತೆ ಅಂತ ಕಾಯೋ ಮನುಷ್ಯ. ಕೊನೆಗೆ ಡಿಕನ್ಸ್ ಅವನನ್ನ ಸಂಸಾರ ಸಮೇತ ಆಸ್ಟ್ರೇಲಿಯಾ ಹಡಗು ಹತ್ತಿಸ್ತಾನೆ, ಅಲ್ಲಿ ಹೋಗಿ ಅವನು ಮ್ಯಾಜಿಸ್ಟ್ರೇಟ್ ಆಗ್ತಾನೆ. ಕಾದಂಬರಿಗೆ ಅದೊಂದು ಸೊಗಸಾದ ಕೊನೆ. ಹದಿನೈದು ವರ್ಷದ ನಂತರ ಡಿಕನ್ಸ್ ಅದನ್ನೇ ತನ್ನ ಮಕ್ಕಳ ಮೇಲೆ ಪ್ರಯೋಗ ಮಾಡಿದ. 1865ರಲ್ಲಿ ಆಲ್ಫ್ರೆಡ್, 1868ರಲ್ಲಿ ಪ್ಲಾರ್ನ್.

ಪ್ಲಾರ್ನ್ ಮನೆಯ ಮುದ್ದು. ನಾಚಿಕೆ ಸ್ವಭಾವ, ಶಾಲೆಯಲ್ಲೂ ನೆಲೆ ನಿಲ್ಲಲಿಲ್ಲ. ಹದಿನಾರು ತುಂಬಿದ ವರ್ಷ ಕುರಿ ಸಾಕೋ ದೇಶಕ್ಕೆ ಒಬ್ಬನೇ ಹೊರಟ. ಕಳಿಸೋವಾಗ ಅಪ್ಪ ಬಿಕ್ಕಿ ಬಿಕ್ಕಿ ಅತ್ತ. ಅಗಲಿಕೆ ಅನ್ನೋದು ಬದುಕಿನ ಒಂದು ಭಾಗ, ನೋವನ್ನ ತಡ್ಕೋಬೇಕು ಅಂತ ಒಂದು ಕಾಗದ ಕೊಟ್ಟ. ಅವನ ಪುಸ್ತಕಗಳ ಜೊತೆ ಹೊಸ ಒಡಂಬಡಿಕೆಯ ಒಂದು ಪ್ರತಿ ಇಟ್ಟ. ಆ ಅಳು ನಾಟಕ ಅಂತ ನಾನು ಹೇಳಲ್ಲ. ಪ್ರೀತಿ ನಿಜ. ಆದ್ರೆ ಅಷ್ಟು ಅತ್ತವನು ಹಡಗಿನ ಟಿಕೆಟ್ ವಾಪಸ್ ಮಾಡಲಿಲ್ಲ.

ಅಪ್ಪ ಮಗ ಮತ್ತೆ ಭೇಟಿ ಆಗಲಿಲ್ಲ. ಪ್ಲಾರ್ನ್ ವಿಲ್ಕೇನಿಯಾ ಸೀಮೆಯಲ್ಲಿ ಕುರಿಗಳ ಎಸ್ಟೇಟ್ ನೋಡ್ಕೊಂಡ, 1889ರಿಂದ 1894ರವರೆಗೆ ನ್ಯೂ ಸೌತ್ ವೇಲ್ಸ್ ವಿಧಾನಸಭೆಯಲ್ಲಿ ಶಾಸಕನೂ ಆಗಿದ್ದ. 1902ರಲ್ಲಿ ಮೊರೀ ಅನ್ನೋ ಊರಲ್ಲಿ ಸಾಲಗಾರನಾಗಿ ತೀರಿಕೊಂಡ. ಪರದೇಶಕ್ಕೆ ಹದಿನಾರಕ್ಕೆ ಹೋಗಿ, ಜನರಿಂದ ವೋಟು ಹಾಕಿಸಿಕೊಂಡು ಗೆದ್ದವನನ್ನ 'ವಿಫಲ' ಅನ್ನೋಕೆ ಎಷ್ಟು ದೊಡ್ಡ ಅಳತೆಗೋಲು ಬೇಕು ಹೇಳಿ? ಆಲ್ಫ್ರೆಡ್ ಕೊನೆಗಾಲದಲ್ಲಿ ಅಪ್ಪನ ಬಗ್ಗೆ ಭಾಷಣ ಮಾಡ್ತಾ ದೇಶ ಸುತ್ತಿದ, 1912ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಸತ್ತ.

ಸಿಡ್ನಿ, ಆ 'ಸಮುದ್ರದ ಭೂತ', ಹದಿಮೂರಕ್ಕೇ ನೌಕಾಪಡೆ ಸೇರಿದ. ಪುಟ್ಟ ಯೂನಿಫಾರ್ಮ್‌ನಲ್ಲಿ ಅವನನ್ನ ನೋಡಿ ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಆಮೇಲೆ ಬಂದರು ಬಂದರಿನಿಂದ ಸಾಲದ ಚೀಟಿ ಬರೋಕೆ ಶುರುವಾಯ್ತು. ಮನೆಗೆ ಬರಬೇಡ ಅಂದ. 1870ರ ಮೇ ತಿಂಗಳಲ್ಲಿ, ತಾನು ಸಾಯೋಕೆ ಮೂರು ವಾರ ಮೊದಲು, ಆಲ್ಫ್ರೆಡ್‌ಗೆ ಬರೆದ ಕಾಗದದಲ್ಲಿ, ಸಿಡ್ನಿ ಸತ್ತೇ ಹೋಗಿದ್ರೆ ವಾಸಿ ಅನ್ನಿಸ್ತಿದೆ ಅನ್ನೋ ಅರ್ಥದ ಮಾತಿದೆ. ಒಬ್ಬ ಮಗನ ಬಗ್ಗೆ ಇನ್ನೊಬ್ಬ ಮಗನಿಗೆ. ಸಿಡ್ನಿ 1872ರಲ್ಲಿ, ಕಾಯಿಲೆ ರಜೆಯಲ್ಲಿ ಊರಿಗೆ ಬರುವಾಗ ಹಡಗಿನಲ್ಲೇ ಸತ್ತ. ಇಪ್ಪತ್ತೈದು ವರ್ಷ.

ಭಾಗ 6

"ಆ ಕಾಲದಲ್ಲಿ ಎಲ್ಲರೂ ಹಾಗೇ ಕಳಿಸ್ತಿದ್ರು, ಡಿಕನ್ಸ್ ಒಬ್ಬನನ್ನೇ ಯಾಕೆ ಬೈತೀಯ?" ಅಂತ ಯಾರಾದ್ರೂ ಕೇಳೇ ಕೇಳ್ತೀರ. ನಿಜ, ಮಧ್ಯಮವರ್ಗದ ಮನೆಗಳಲ್ಲಿ ಹೆಚ್ಚಾದ ಗಂಡುಮಕ್ಕಳಿಗೆ ಸೈನ್ಯ, ನೌಕಾಪಡೆ, ವಸಾಹತು, ಇಷ್ಟೇ ದಾರಿ. ಆದ್ರೆ ಉಳಿದ ಅಪ್ಪಂದಿರು 'ಡಾಂಬಿ ಅಂಡ್ ಸನ್' ಬರೆದವರಲ್ಲ. ಮಗು ಮಾತು ಕಲಿಯೋ ಮೊದಲೇ ಅದರ ಉದ್ಯೋಗ ನಿಶ್ಚಯ ಮಾಡೋ ಅಪ್ಪ ಏನನ್ನ ಕಳ್ಕೊಳ್ತಾನೆ ಅಂತ ಆ ಕಾದಂಬರಿಯಲ್ಲಿ ತೋರಿಸಿದವನು ಇವನೇ. 'ಹಾರ್ಡ್ ಟೈಮ್ಸ್'ನಲ್ಲೂ ಅಷ್ಟೇ. ಗೊತ್ತಿಲ್ಲದವನಲ್ಲ.

ಇನ್ನೊಂದು ವಿಷಯ. ಹೆನ್ರಿ ಒಬ್ಬ ಗೆದ್ದ, ಕೇಂಬ್ರಿಡ್ಜ್‌ಗೆ ಹೋದ, ದೊಡ್ಡ ವಕೀಲನಾದ, 1922ರಲ್ಲಿ 'ಸರ್' ಆದ. ಅವನು ಅಪ್ಪನ ಹಾಗೆ ಹುರುಪಿನವನು, ಅದಕ್ಕೇ ಗೆದ್ದ ಅಂತಾರೆ. ನಡೆದಿದ್ದು ನೋಡಿ. ಹೆನ್ರಿಯನ್ನೂ ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಹಾಕೋ ಯೋಚನೆ ಇತ್ತು. ಹುಡುಗ ಬಾಯಿಬಿಟ್ಟು ಹೇಳಿದ: ನನಗೆ ಬೇಡ, ನಾನು ಕೇಂಬ್ರಿಡ್ಜ್‌ಗೆ ಹೋಗ್ತೀನಿ. ಡಿಕನ್ಸ್ ಶಾಲೆಯ ಹೆಡ್‌ಮಾಸ್ಟರ್‌ನ ಕೇಳಿದ, ಅವರು ಕಳಿಸಬಹುದು ಅಂದ್ರು, ಕಳಿಸಿದ. ಬೇಡ ಅಂದ, ಅಪ್ಪ ಕೇಳಿದ, ಅಷ್ಟೇ. ಆ ಒಂದು ಸಂಭಾಷಣೆ ನಡೆಯದೇ ಇದ್ದಿದ್ರೆ ಅವನೂ ಎಲ್ಲೋ ಕಲ್ಕತ್ತಾದಲ್ಲಿ ಕಾಯಿಲೆ ಬಿದ್ದಿರ್ತಿದ್ದ, ನಾವು 'ಏಳೂ ಗಂಡುಮಕ್ಕಳು ದಂಡ' ಅಂತಿದ್ವಿ.

ಅಲ್ಲೂ ಖರ್ಚಿನ ಲೆಕ್ಕ ಬಿಡಲಿಲ್ಲ. ನಾನು ಎಷ್ಟು ದುಡಿದು ಸಂಪಾದಿಸ್ತೀನಿ ನಿನಗೆ ಗೊತ್ತು, ಬಾಲ್ಯ ಕಳೆದ ಮೇಲೆ ನನಗೆ ಯಾರೂ ಒಂದು ಕಾಸು ಕೊಟ್ಟವರಲ್ಲ ಅಂತ ಕಾಗದ ಬರೆದ. ಗೊತ್ತು ಅಂತೆ! ಗೊತ್ತಿದ್ದಿದ್ದು ಏನು?

ಹೆನ್ರಿಗೆ ವರ್ಷಕ್ಕೆ 50 ಪೌಂಡ್ ಸ್ಕಾಲರ್‌ಶಿಪ್ ಬಂತು. ಹೈಯಮ್ ಸ್ಟೇಷನ್‌ಗೆ ಕರೆದೊಯ್ಯೋಕೆ ಬಂದ ಅಪ್ಪನಿಗೆ ಹೇಳಿದ. ಅಪ್ಪ "ಭೇಷ್" ಅಂದು ಸುಮ್ಮನಾದ. ಹುಡುಗನ ಮುಖ ಸಪ್ಪಗಾಯ್ತು. ಅರ್ಧ ದಾರಿಯಲ್ಲಿ ಅಪ್ಪ ಇದ್ದಕ್ಕಿದ್ದ ಹಾಗೆ ತಿರುಗಿ, ಕಣ್ಣಲ್ಲಿ ನೀರು ತುಂಬ್ಕೊಂಡು, ಕೈಯನ್ನ ನೋವಾಗೋ ಹಾಗೆ ಹಿಡ್ಕೊಂಡು ಹರಸಿದ. ಹೆನ್ರಿ ಮುದುಕನಾದ ಮೇಲೂ ಇದನ್ನ ಮರೀಲಿಲ್ಲ. ಒಳಗೆ ಇಷ್ಟೆಲ್ಲ ಇಟ್ಟುಕೊಂಡು ಹೊರಗೆ "ಭೇಷ್" ಅಂತಷ್ಟೇ ಅನ್ನೋ ಅಪ್ಪಂದಿರು ನಿಮಗೂ ಗೊತ್ತಿರ್ತಾರೆ.

ಚಾರ್ಲಿನೂ ಹಾಗೇ. ಚಹಾ ವ್ಯಾಪಾರ ಕಲಿಯೋಕೆ ಹಾಂಗ್‌ಕಾಂಗ್‌ಗೆ ಹೋದ, ಕಾಗದದ ವ್ಯಾಪಾರ ಮಾಡಿ 1868ರಲ್ಲಿ ದಿವಾಳಿ ಆದ. ಅಪ್ಪ ತನ್ನ ಪತ್ರಿಕೆಯಲ್ಲಿ ಕೆಲಸ ಕೊಟ್ಟ. ಅಲ್ಲಿ ಚೆನ್ನಾಗಿ ಕೆಲಸ ಮಾಡಿದ, ಅಪ್ಪನ ನಂತರ ಅದನ್ನ ವರ್ಷಗಟ್ಟಲೆ ನಡೆಸಿದ. ಮೊದಲೇ ಅಲ್ಲಿ ಕೂರಿಸಿದ್ರೆ ಏನಾಗ್ತಿತ್ತು?

ಭಾಗ 7

ಕೊನೆಗೆ ಹೆಣ್ಣುಮಕ್ಕಳು. ಇವರನ್ನ ಯಾರೂ ದಂಡ ಅನ್ನಲ್ಲ. ಹೆಣ್ಣುಮಕ್ಕಳಿಂದ ಯಾರೂ ಏನನ್ನೂ ನಿರೀಕ್ಷೆ ಮಾಡಿರಲಿಲ್ಲವಲ್ಲ, ಅದಕ್ಕೆ.

1858ರಲ್ಲಿ ಡಿಕನ್ಸ್ ಇಪ್ಪತ್ತೆರಡು ವರ್ಷದ ಸಂಸಾರ ಮುರಿದ. ಎಲೆನ್ ಟರ್ನನ್ ಅನ್ನೋ ನಟಿ ಅವನ ಬದುಕಿಗೆ ಬಂದಿದ್ದಳು, ಅವಳಿಗೆ ಕೇಟಿಯಷ್ಟೇ ವಯಸ್ಸು. ಕ್ಯಾಥರೀನ್ ಮನೆ ಬಿಟ್ಟಳು. ಚಾರ್ಲಿ ಒಬ್ಬ ಅಮ್ಮನ ಜೊತೆ ಹೋದ. ಉಳಿದವರು ಅಪ್ಪನ ಹತ್ತಿರ, ಚಿಕ್ಕಮ್ಮ ಜಾರ್ಜಿನಾ ನೋಡಿಕೊಂಡಳು. ಡಿಕನ್ಸ್ ತನ್ನ ಪತ್ರಿಕೆಯಲ್ಲೇ ಹೇಳಿಕೆ ಅಚ್ಚು ಹಾಕಿಸಿದ. ಆ ಜಗಳ ಎಲ್ಲಿಗೆ ಮುಟ್ಟಿತು ಅಂದ್ರೆ, ಚಾರ್ಲಿ ತಮ್ಮ ಹಳೆಯ ಪ್ರಕಾಶಕ ಇವಾನ್ಸ್‌ನ ಮಗಳನ್ನ ಮದುವೆಯಾದಾಗ ಅಪ್ಪ ಮದುವೆಗೇ ಬರಲಿಲ್ಲ.

ದೊಡ್ಡ ಮಗಳು ಮೇಮಿ ಮದುವೆ ಆಗಲಿಲ್ಲ. ಅಪ್ಪನೇ ಅವಳ ಲೋಕ, ಅವನ ಬಗ್ಗೆ ಭಕ್ತಿಯಿಂದ ಪುಸ್ತಕ ಬರೆದಳು. 1896ರ ಜುಲೈನಲ್ಲಿ ಚಾರ್ಲಿ ಸತ್ತ ಮೂರು ದಿನಕ್ಕೆ ಅವಳೂ ಹೋದಳು.

ಬೆಂಕಿಪೊಟ್ಟಣ ಕೇಟಿ ಬೇರೆ. ಚಿತ್ರಕಲೆ ಕಲಿಯಬೇಕು ಅಂದಳು, ಕಲಿಸಿದ್ರು. ಮಿಲೇ ಬಿಡಿಸಿದ 'ದ ಬ್ಲ್ಯಾಕ್ ಬ್ರನ್ಸ್‌ವಿಕರ್' ಚಿತ್ರದಲ್ಲಿ ಸೈನಿಕನನ್ನ ಬಾಗಿಲಲ್ಲಿ ತಡೆಯೋ ಹುಡುಗಿ ಇದಾಳಲ್ಲ, ಅದಕ್ಕೆ ಮಾದರಿಯಾಗಿ ನಿಂತವಳು ಇವಳೇ (ಈ ಪೋಸ್ಟಿನ ಫೋಟೋ). 1860ರಲ್ಲಿ ವಿಲ್ಕಿ ಕಾಲಿನ್ಸ್‌ನ ತಮ್ಮ ಚಾರ್ಲ್ಸ್‌ನ ಮದುವೆಯಾದಳು, ಹೆಚ್ಚಾಗಿ ಮನೆಯಿಂದ ತಪ್ಪಿಸಿಕೊಳ್ಳೋಕೆ. ಮದುವೆಯ ರಾತ್ರಿ ಅವಳ ಕೋಣೆಯಲ್ಲಿ ಅಪ್ಪ ಮಂಡಿಯೂರಿ, ಅವಳು ಬಿಚ್ಚಿಟ್ಟ ಮದುವೆ ಗೌನಿಗೆ ಮುಖ ಒತ್ತಿ ಅಳ್ತಿದ್ದನಂತೆ. ತನ್ನಿಂದಲೇ ಅವಳು ಮನೆ ಬಿಟ್ಟು ಹೋದಳು ಅಂತ. ಗಂಡ ಸತ್ತ ಮೇಲೆ ಕಾರ್ಲೊ ಪೆರುಗಿನಿ ಅನ್ನೋ ಚಿತ್ರಕಾರನ ಜೊತೆ ಇನ್ನೊಂದು ಮದುವೆ, ಅದು ಚೆನ್ನಾಗಿತ್ತು. ರಾಯಲ್ ಅಕಾಡೆಮಿಯಲ್ಲಿ ಅವಳ ಚಿತ್ರಗಳು ಪ್ರದರ್ಶನ ಆದವು.

ಅಪ್ಪನ ಜೀವನಚರಿತ್ರೆ ಅಂತ ಒಂದು ಬರೆದಳು, ಆಮೇಲೆ ತಾನೇ ನಾಶ ಮಾಡಿದಳು. ಅಮ್ಮನ ವಿಷಯ ಬರೆಯದೆ ಅಪ್ಪನ ಕಥೆ ನಿಜ ಆಗಲ್ಲ, ಬರೆದ್ರೆ ಅಪ್ಪ ಉಳಿಯಲ್ಲ. ಮುದುಕಿ ಆದ ಮೇಲೆ ಗೆಳತಿ ಗ್ಲ್ಯಾಡಿಸ್ ಸ್ಟೋರಿ ಹತ್ತಿರ ಎಲ್ಲ ಹೇಳಿದಳು. ಅಮ್ಮ ಹೋದ ಮೇಲೆ ಅಪ್ಪ ಹುಚ್ಚನ ಹಾಗಾಡಿದ, ಮನೆ ನರಕ ಆಗಿತ್ತು, ನಾವ್ಯಾರೂ ಅಮ್ಮನ ಪಕ್ಷ ನಿಲ್ಲಲಿಲ್ಲ, ಅದು ತಪ್ಪಾಯ್ತು ಅಂತ. ಅಷ್ಟಾದ್ರೂ ಅಪ್ಪನನ್ನ ಪ್ರೀತಿಸೋದು ಬಿಟ್ಟಿರಲಿಲ್ಲ. 1929ರಲ್ಲಿ ತೀರಿಕೊಂಡಳು, ಪುಸ್ತಕ ಬಂದಿದ್ದು 1939ಕ್ಕೆ. ಆಗ ಕೆಲವರಿಗೆ ಸಿಟ್ಟು ಬಂತು, ನಂಬಲ್ಲ ಅಂದ್ರು. ಅಪ್ಪನ ಕಾಗದಗಳನ್ನ ಅಷ್ಟು ಸುಲಭಕ್ಕೆ ನಂಬಿದವರಿಗೆ ಮಗಳ ಮಾತು ನಂಬೋಕೆ ಕಷ್ಟ ಆಯ್ತು.

1879ರಲ್ಲಿ ಕ್ಯಾಥರೀನ್ ಸಾಯುವಾಗ ಒಂದು ಕಟ್ಟು ಕಾಗದ ಕೊಟ್ಟಿದ್ದು ಕೇಟಿ ಕೈಗೇ. ಡಿಕನ್ಸ್ ತನಗೆ ಬರೆದ ಕಾಗದಗಳು. ಬ್ರಿಟಿಷ್ ಮ್ಯೂಸಿಯಂಗೆ ಕೊಡು, ಅವರು ಒಂದು ಕಾಲದಲ್ಲಿ ನನ್ನನ್ನ ಪ್ರೀತಿಸಿದ್ದರು ಅಂತ ಲೋಕಕ್ಕೆ ಗೊತ್ತಾಗಲಿ ಅಂದಿದ್ದಳು. ಕೇಟಿ ಎಷ್ಟೋ ವರ್ಷ ಇಟ್ಟುಕೊಂಡು, ಸುಡೋದಾ ಬೇಡವಾ ಅಂತ ಒದ್ದಾಡಿ, ಕೊನೆಗೆ ಬರ್ನಾರ್ಡ್ ಶಾ ಹತ್ತಿರ ಕೇಳಿ, ಮ್ಯೂಸಿಯಂಗೆ ಕೊಟ್ಟಳು. ಆ ಕಾಗದಗಳ ಬಗ್ಗೆ ಮುಂದಿನ ಸರಣಿ.